ಸ್ವಲ್ಪ ತಾನೇ, ಏನೂ ಆಗಲ್ಲ

ಯಾವ ನಿಯಮವನ್ನು ಕಂಡರೂ ನಮ್ಮ ಜನ ಕೇಳುವ ಮೊದಲ ಪ್ರಶ್ನೆ ‘ಎಷ್ಟರವರೆಗೆ ನಡೆಯುತ್ತೆ?’ ಎಂಬುದು. ಹೆಲ್ಮೆಟ್ ಕಡ್ಡಾಯ ಅಂದರೆ ‘ಇಲ್ಲೇ ಪಕ್ಕದ ಬೀದಿಗೆ ಹೋಗೋಕೂ ಬೇಕಾ?’ ಸಕ್ಕರೆ ಕಾಯಿಲೆ ಇದೆ, ಸಿಹಿ ಬೇಡ ಅಂದರೆ ‘ಒಂದೇ ಒಂದು ಹೋಳಿಗೆ ತಿಂದ್ರೆ ಏನಾಗುತ್ತೆ ಡಾಕ್ಟ್ರೇ?’ ಇಂಥವರು ರೋಗಾಣುಗಳ ಹತ್ತಿರ ಚೌಕಾಸಿ ಮಾಡದೆ ಬಿಟ್ಟಾರೆಯೇ? ನೆಲಕ್ಕೆ ಬಿದ್ದ ಜಿಲೇಬಿಯನ್ನು ಎತ್ತಿ, ಉಫ್ ಎಂದು ಊದಿ, ಬಾಯಿಗೆ ಹಾಕಿಕೊಳ್ಳುವವನನ್ನು ಕೇಳಿ ನೋಡಿ. ‘ಸ್ವಲ್ಪ ತಾನೇ, ಏನೂ ಆಗಲ್ಲ ಬಿಡಿ’ ಎನ್ನುತ್ತಾನೆ. ಇಂಗ್ಲಿಷ್ ಶಾಲೆಗೆ ಹೋಗಿ ಬಂದವನಾದರೆ ಐದು ಸೆಕೆಂಡಿನೊಳಗೆ ಎತ್ತಿದರೆ ದೋಷವಿಲ್ಲ ಎಂಬ ಪರದೇಶದ ಶಾಸ್ತ್ರವನ್ನೂ ಹೇಳುತ್ತಾನೆ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಈ ಶಾಸ್ತ್ರವನ್ನೇ ಪರೀಕ್ಷೆಗೆ ಹಚ್ಚಿದರು. ಬ್ರೆಡ್ಡು, ಬೆಣ್ಣೆ ಹಚ್ಚಿದ ಬ್ರೆಡ್ಡು, ಕಲ್ಲಂಗಡಿ, ಜಗಿಯುವ ಮಿಠಾಯಿ ಇವನ್ನೆಲ್ಲ ಬ್ಯಾಕ್ಟೀರಿಯಾ ಹಚ್ಚಿದ ಸ್ಟೀಲು, ಟೈಲು, ಮರ, ಕಾರ್ಪೆಟ್ಟಿನ ಮೇಲೆ ಬೀಳಿಸಿ ನೋಡಿದರೆ, ಒಂದು ಸೆಕೆಂಡು ಕಳೆಯುವ ಮೊದಲೇ ಕ್ರಿಮಿಗಳು ದಾಟಿಕೊಂಡದ್ದೂ ಉಂಟು. ಪದಾರ್ಥ ಒದ್ದೆಯಾದಷ್ಟೂ ಅವುಗಳಿಗೆ ಅನುಕೂಲ. ಕಲ್ಲಂಗಡಿಗೆ ಅಂಟಿದ್ದು ಎಲ್ಲಕ್ಕಿಂತ ಹೆಚ್ಚು. ಪಾಕ ಸುರಿಯುವ ಜಿಲೇಬಿಯನ್ನು ಅವರು ಪರೀಕ್ಷಿಸಲಿಲ್ಲ. ಆ ಸಂಶೋಧನೆಯನ್ನು ನಾವು ಸ್ವಂತ ಖರ್ಚಿನಲ್ಲಿ ನಡೆಸುತ್ತಿದ್ದೇವೆ.

ಹಾಗಾದರೆ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಕಾಯಿಲೆ ಬೀಳಲು ಎಷ್ಟು ರೋಗಾಣು ಬೇಕು? ಇದನ್ನು ವಿಜ್ಞಾನಿಗಳೂ ಕೇಳಿದ್ದಾರೆ. ಅವರು ಊದಿ ಸುಮ್ಮನಾಗಲಿಲ್ಲ, ಎಣಿಸಿ ಕುಡಿಸಿದರು. 1960ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಜೈಲೊಂದರಲ್ಲಿ, ಒಪ್ಪಿಗೆ ಕೊಟ್ಟ ಕೈದಿಗಳಿಗೆ ಟೈಫಾಯ್ಡ್ ಬ್ಯಾಕ್ಟೀರಿಯಾ ಬೆರೆಸಿದ ಹಾಲು ಕೊಟ್ಟರು. ಅದರ ಫಲಿತಾಂಶ 1970ರಲ್ಲಿ ಪ್ರಕಟವಾಯಿತು. ಒಂದು ಸಾವಿರ ಬ್ಯಾಕ್ಟೀರಿಯಾ ಕುಡಿದ 14 ಮಂದಿಯಲ್ಲಿ ಒಬ್ಬನೂ ಮಲಗಲಿಲ್ಲ. ಒಂದು ಲಕ್ಷ ಕುಡಿದವರಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಂದಿಗೆ ಟೈಫಾಯ್ಡ್ ಬಂತು. ಒಂದು ಕೋಟಿಗೆ ಅರ್ಧದಷ್ಟು ಜನ ಮಲಗಿದರು. ನೂರು ಕೋಟಿ ಕುಡಿದವರಲ್ಲಿ ನೂರಕ್ಕೆ 95 ಮಂದಿ.

ಈ ಪಟ್ಟಿಯನ್ನು ನಮ್ಮವರ ಕೈಗೆ ಕೊಟ್ಟರೆ ಮೊದಲ ಸಾಲು ಓದಿ ಮಡಚಿ ಜೇಬಿಗಿಡುತ್ತಾರೆ. ಸಾವಿರದವರೆಗೆ ಮಾಫಿ! ಮಾರನೆಯ ದಿನವೇ ಗುತ್ತಿಗೆದಾರನೊಬ್ಬ ನೀರಿನ ಟ್ಯಾಂಕಿನ ಮೇಲೆ ‘ಲೋಟಕ್ಕೆ 999 ಮೀರುವುದಿಲ್ಲ’ ಎಂದು ಬಣ್ಣದಲ್ಲಿ ಬರೆಸಿ ಬಿಲ್ಲು ಪಾಸು ಮಾಡಿಸಿಕೊಳ್ಳುತ್ತಾನೆ. ಆದರೆ ಹದಿನಾಲ್ಕು ಮಂದಿಯಲ್ಲಿ ಯಾರಿಗೂ ಏನೂ ಆಗಲಿಲ್ಲ ಎಂದರೆ ಹದಿನಾಲ್ಕು ಲಕ್ಷ ಮಂದಿಯಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂದಲ್ಲ. ಸಾವಿರಕ್ಕೆ ಒಬ್ಬನಿಗೆ ತಗುಲುವುದಾದರೂ ಆ ಒಬ್ಬ ಹದಿನಾಲ್ಕರ ಗುಂಪಿನಲ್ಲಿ ಸಿಗುವುದು ಅಪರೂಪ. ಹದಿನಾಲ್ಕು ಲಕ್ಷದ ಊರಿನಲ್ಲಿ ಅಂಥವರು ಸಾವಿರದ ನಾನೂರು ಮಂದಿ. ಆಸ್ಪತ್ರೆಯ ಹಾಸಿಗೆ ಮುಗಿದು, ವರಾಂಡ ಮುಗಿದು, ಹೊರಗಿನ ಬೇವಿನ ಮರದ ಕೊಂಬೆಗೂ ಡ್ರಿಪ್ ಬಾಟ್ಲಿ ತೂಗುಹಾಕಲು ಅಷ್ಟು ಸಾಕು.

ಅಸಲಿಗೆ ನಮ್ಮ ತಲೆಯೊಳಗಿನ ರೋಗಾಣು ಗ್ರಾಮ ಪಂಚಾಯಿತಿ ಸದಸ್ಯನ ಹಾಗೆ. ಕೋರಂ ಇಲ್ಲದೆ ಅದು ಏನನ್ನೂ ನಿರ್ಣಯಿಸುವಂತಿಲ್ಲ. ಸಾಕಷ್ಟು ಮಂದಿ ಸೇರಿ, ಹಾಜರಿ ಪುಸ್ತಕಕ್ಕೆ ರುಜು ಹಾಕಿ, ಕಾಫಿ ಕುಡಿದ ಮೇಲೆಯೇ ಜ್ವರ ಮಂಜೂರಾಗಬೇಕು. ಸಂಶೋಧಕರು ಲೆಕ್ಕ ಹಾಕುವ ರೀತಿಯೇ ಬೇರೆ. ಒಳಹೊಕ್ಕ ಒಂದೊಂದು ಜೀವಿಯೂ ಒಂಟಿಯಾಗಿಯೇ ಕೆಲಸ ಕೆಡಿಸಬಲ್ಲದು, ಆದರೆ ಜಠರದ ಆಮ್ಲ, ಕರುಳಿನ ಲೋಳೆ, ರಕ್ತದ ಕಾವಲುಗಾರರನ್ನೆಲ್ಲ ದಾಟಿ ಅದು ಗೆಲ್ಲುವ ಸಾಧ್ಯತೆ ತೀರಾ ಕಡಿಮೆ ಎಂಬುದು ಅವರ ಅಂಬೋಣ. ಹೆಚ್ಚು ಜೀವಿಗಳು ಹೊಕ್ಕರೆ ಯಾವುದಾದರೂ ಒಂದು ಗೆಲ್ಲುವ ಸಾಧ್ಯತೆ ಹೆಚ್ಚುತ್ತದೆ, ಅಷ್ಟೇ. ಪುಸ್ತಕಗಳಲ್ಲಿ ಕಾಣುವ ‘ಇಷ್ಟು ಬೇಕು’ ಎಂಬ ಅಂಕಿ ಸಾಮಾನ್ಯವಾಗಿ ಅರ್ಧದಷ್ಟು ಜನಕ್ಕೆ ಸೋಂಕು ತಗುಲುವ ಮಟ್ಟ. ಅದಕ್ಕಿಂತ ಕೆಳಗೆ ಇರುವುದು ಅಭಯಹಸ್ತವಲ್ಲ, ಬರೀ ಅದೃಷ್ಟ.

ಅದೂ ಟೈಫಾಯ್ಡ್ ತುಸು ಉದಾರಿ. ಆಮಶಂಕೆ ತರುವ ಶಿಗೆಲ್ಲಾಗೆ ಅಷ್ಟೆಲ್ಲ ಬಳಗ ಬೇಡ. ಹತ್ತರಿಂದ ನೂರು ಸಾಕು. ಜಠರದ ಆಮ್ಲಕ್ಕೂ ಅದು ಅಷ್ಟಾಗಿ ಜಗ್ಗುವುದಿಲ್ಲ. ಜಿಯಾರ್ಡಿಯಾ ಎಂಬ ಪರೋಪಜೀವಿಯ ಹತ್ತು ಹನ್ನೆರಡು ಸಿಸ್ಟುಗಳು, ಅಂದರೆ ಚಿಪ್ಪಿನೊಳಗೆ ಅಡಗಿದ ಜೀವಿಗಳು, ಸಾಕು. ಕ್ರಿಪ್ಟೊಸ್ಪೊರಿಡಿಯಂ ಎಂಬ ಇನ್ನೊಂದರ ವಿಷಯದಲ್ಲಿ, ಆರೋಗ್ಯವಂತ ಸ್ವಯಂಸೇವಕರಲ್ಲಿ ಅರ್ಧದಷ್ಟು ಮಂದಿಗೆ ಸೋಂಕು ತಗುಲಿಸಲು 132 ಊಸಿಸ್ಟುಗಳಷ್ಟು ಸಾಕೆಂದು 1995ರಲ್ಲಿ ಲೆಕ್ಕ ಸಿಕ್ಕಿತು. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದ ಮಿಲ್ವಾಕಿ ನಗರದಲ್ಲಿ ಇದೇ ಜೀವಿ ನಲ್ಲಿಯಲ್ಲಿ ಬಂದು ಸುಮಾರು ನಾಲ್ಕು ಲಕ್ಷ ಜನರನ್ನು ಶೌಚಾಲಯಕ್ಕೆ ಓಡಿಸಿತ್ತು. ನೀರಿಗೆ ಕ್ಲೋರಿನ್ ಹಾಕಿದ್ದರು. ಈ ಜೀವಿಗೆ ಕ್ಲೋರಿನ್ ಲೆಕ್ಕಕ್ಕೇ ಇಲ್ಲ. ಸೋಸುವ ಘಟಕ ಕೈಕೊಟ್ಟಿತು, ಊರಿಗೆ ಊರೇ ಮಲಗಿತು. ಇನ್ನು ವಾಂತಿಭೇದಿ ತರುವ ನೊರೊವೈರಸ್ಸಿನ ಹದಿನೆಂಟು ಕಣಗಳು ಸಾಕು ಎಂಬ ಅಂದಾಜು 2008ರಲ್ಲಿ ಬಂತು. ಕ್ಯೂ ಜ್ವರದ ವಿಷಯದಲ್ಲಂತೂ ಉಸಿರಿನಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಒಳಹೊಕ್ಕರೂ ಸಾಕಾದೀತು ಎನ್ನುತ್ತಾರೆ. ಒಂದಕ್ಕಿಂತ ಕಡಿಮೆಗೆ ಚೌಕಾಸಿ ಮಾಡುವ ಗಿರಾಕಿ ಇನ್ನೂ ಹುಟ್ಟಬೇಕು.

ಈಗ ಸಾಬೂನಿನ ಜಾಹೀರಾತಿಗೆ ಬನ್ನಿ. ಅಮ್ಮ ನಗುತ್ತಾಳೆ, ಮಗು ಕೆಸರಿನಿಂದ ಎದ್ದು ಬರುತ್ತದೆ, ಕೊಂಬು ಮೂಡಿದ ಹಸಿರು ಕ್ರಿಮಿಗಳು ಕಿರುಚುತ್ತಾ ಮಾಯವಾಗುತ್ತವೆ. ಶೇಕಡ 99.9 ನಾಶ! ಉಳಿದ ಶೇಕಡ 0.1ನ್ನು ಕಂಪನಿಯ ವಕೀಲರು ಮುಂಜಾಗ್ರತೆಯಿಂದ ಬಿಟ್ಟುಕೊಟ್ಟಿರುತ್ತಾರೆ. ನಮ್ಮ ಕಣ್ಣಿಗೆ 99.9 ಅಂದರೆ ಪಿಯುಸಿಯಲ್ಲಿ ರ‍್ಯಾಂಕು ಬಂದಂತೆಯೇ; ಉಳಿದದ್ದನ್ನು ಯಾರು ಕೇಳುತ್ತಾರೆ? ನೊರೊವೈರಸ್ ತಗುಲಿದವನ ಒಂದು ಗ್ರಾಂ ಮಲದಲ್ಲಿ ನೂರು ಕೋಟಿ ಕಣಗಳಿರುವುದು ಅಪರೂಪವಲ್ಲ, ಕೆಲವೊಮ್ಮೆ ಅದರ ಎಷ್ಟೋ ಪಟ್ಟು. ಶೇಕಡ 99.9 ಹೋಯಿತು ಅನ್ನಿ. ಉಳಿದದ್ದು ಹತ್ತು ಲಕ್ಷ. ತಲೆಗೆ ಹದಿನೆಂಟರಂತೆ ಹಂಚಿದರೆ 55 ಸಾವಿರ ಮಂದಿಗೆ ಆಗಿ ಇನ್ನೂ ಮಿಗುತ್ತದೆ. ಮೇಲಾಗಿ ಆ 99.9 ಬರುವುದು ಪ್ರಯೋಗಾಲಯದಲ್ಲಿ, ಆರಿಸಿಕೊಂಡ ಕೆಲವು ಬ್ಯಾಕ್ಟೀರಿಯಾಗಳ ಮೇಲೆ. ಕೋವಿಡ್ ಕಾಲದಿಂದ ಬ್ಯಾಗಿಗೆ ನೇತುಹಾಕಿಕೊಂಡ ಸ್ಯಾನಿಟೈಸರಿನ ಆಲ್ಕೋಹಾಲಿಗೆ ನೊರೊವೈರಸ್ ಅಷ್ಟಾಗಿ ಹೆದರುವುದೂ ಇಲ್ಲ. ಅದನ್ನು ತೊಲಗಿಸುವುದು ಸಾಬೂನು ಹಚ್ಚಿ ಚೆನ್ನಾಗಿ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯುವ ಹಳೇ ಪದ್ಧತಿ. ಅದಕ್ಕೆ ನಲ್ಲಿಯಲ್ಲಿ ನೀರು ಹರಿಯಬೇಕು. ಸಾರ್ವಜನಿಕ ಶೌಚಾಲಯಗಳಲ್ಲಿ ಸಾಬೂನಿನ ಡಬ್ಬಿ ಗೋಡೆಗಿರುತ್ತದೆ, ಸಾಬೂನು ಟೆಂಡರಿನಲ್ಲಿರುತ್ತದೆ.

ಇನ್ನು ಹೋಟೆಲು. ನಿಂತು ತಿನ್ನುವ ಯಾವುದಾದರೂ ಜಾಗದಲ್ಲಿ ಕೈಯಲ್ಲಿ ಇಡ್ಲಿ ತಟ್ಟೆ ಹಿಡಿದು ಒಂದೈದು ನಿಮಿಷ ಸುತ್ತ ನೋಡಿ. ಇಡ್ಲಿಯ ಮೇಲೆ ದೂರು ಹೇಳುವಂತಿಲ್ಲ. ಹಬೆಯಲ್ಲಿ ಬೆಂದು ಬಂದದ್ದು. ಪಕ್ಕದಲ್ಲಿರುವ ಕಾಯಿ ಚಟ್ನಿಗೆ ಬೇಯುವ ಯೋಗವಿಲ್ಲ. ಬೆಳಿಗ್ಗೆ ಆರಕ್ಕೆ ರುಬ್ಬಿ, ನೀರು ಬೆರೆಸಿ, ಬಕೆಟ್ಟಿಗೆ ತುಂಬಿಟ್ಟದ್ದು ಮಧ್ಯಾಹ್ನ ಒಂದಕ್ಕೆ ಬೋಂಡಾಕ್ಕೂ ಬಡಿಸಲ್ಪಡುತ್ತದೆ. ಹಿತವಾದ ಬೆಚ್ಚನೆಯಲ್ಲಿ ಇ. ಕೊಲೈ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆರಕ್ಕೆ ಒಂದೇ ಒಂದು ಬಿದ್ದಿದ್ದರೆ, ಈ ವೇಗದಲ್ಲಿ ಮಧ್ಯಾಹ್ನ ಒಂದರ ಹೊತ್ತಿಗೆ ಇಪ್ಪತ್ತು ಲಕ್ಷ ದಾಟುತ್ತದೆ. ಚಟ್ನಿ ಪ್ರಯೋಗಾಲಯದ ಸಾರಲ್ಲ, ವೇಗ ಅಷ್ಟಿರಲಿಕ್ಕಿಲ್ಲ ಎಂದು ವಾದಿಸಬಹುದು. ಸರಿ, ಅದರ ನೂರರಲ್ಲಿ ಒಂದು ಭಾಗ ಅಂದುಕೊಂಡರೂ ಇಪ್ಪತ್ತು ಸಾವಿರ. ‘ಎಷ್ಟು ಬಿದ್ದಿದೆ?’ ಎಂದು ಕೇಳುವವನು ‘ಯಾವಾಗ ಬಿದ್ದಿದೆ?’ ಎಂದೂ ಕೇಳಬೇಕು. ಚಟ್ನಿ ಬಡಿಸುವ ಹುಡುಗನನ್ನು ಕೇಳಿದರೆ ಉತ್ತರ ಸಿದ್ಧವಿದೆ: ‘ಈಗ ತಾನೇ ಮಾಡಿದ್ದು ಸಾರ್.’

ತಟ್ಟೆ ತೊಳೆಯುವ ಕಡೆ ಎರಡು ಬಕೆಟ್ಟು. ಮೊದಲನೆಯದರಲ್ಲಿ ಎಂಜಲು ಬಿಡುತ್ತದೆ, ಎರಡನೆಯದರಲ್ಲಿ ಮೊದಲ ಬಕೆಟ್ಟಿನ ನೀರು ಬಿಡುತ್ತದೆ. ಹೊತ್ತೇರಿದಂತೆ ಎರಡರ ಬಣ್ಣದಲ್ಲೂ ಸಮಾನತೆ ಬಂದು ಯಾವುದು ಮೊದಲನೆಯದೆಂದು ತೊಳೆಯುವವನಿಗೇ ತಿಳಿಯದಂತಾಗುತ್ತದೆ. ಟೇಬಲ್ ಒರೆಸುವ ಬಟ್ಟೆಯದು ಬಹುಮುಖ ಪ್ರತಿಭೆ. ಟೇಬಲ್ಲು, ಕೌಂಟರು, ಬಿದ್ದ ಸಾಂಬಾರು, ಕೆಲವೊಮ್ಮೆ ತೊಳೆದ ಲೋಟದ ಬಾಯಿ, ಎಲ್ಲಕ್ಕೂ ಅದೇ. ಇವೆಲ್ಲವನ್ನೂ ಕಂಡ ಆರೋಗ್ಯಪ್ರಜ್ಞೆಯ ಗಿರಾಕಿ ಗಟ್ಟಿಯಾಗಿ ಕೂಗುತ್ತಾನೆ: ‘ಕುಡಿಯೋಕೆ ಬಿಸಿನೀರು ಕೊಡಪ್ಪಾ!’ ಹುಡುಗ ಕಾಲು ಲೋಟ ಕುದಿಯುವ ನೀರು ಹಾಕಿ, ಮುಕ್ಕಾಲು ಲೋಟ ನಲ್ಲಿ ನೀರು ಬೆರೆಸಿ, ಬಾಯಿ ಸುಡದಂತೆ ಕಾಳಜಿಯಿಂದ ತಂದಿಡುತ್ತಾನೆ. ಉಗುರುಬೆಚ್ಚಗಿನ ಆ ನೀರಿನಲ್ಲಿ ಸಾಯುವುದು ಗಿರಾಕಿಯ ಅನುಮಾನವೊಂದೇ.

ಹೋಟೆಲಿನವರನ್ನೇ ಬೈದು ಏನು ಫಲ? ಅಲ್ಲಿಗೆ ಹೊರಡುವ ಮೊದಲೇ ನಾವು ಮನೆಯ ಕಾವಲುಗಾರನಿಗೆ ರಜೆ ಕೊಟ್ಟಿರುತ್ತೇವೆ. ಜಠರದ ಆಮ್ಲ ಸುಮ್ಮನೆ ಎದೆಯುರಿ ಕೊಡಲು ಹುಟ್ಟಿದ್ದಲ್ಲ. ಬಾಯಿಂದ ಬಂದ ಕ್ರಿಮಿಗಳನ್ನು ಸುಡುವುದು ಅದರ ಕೆಲಸ. ಸ್ವಯಂಸೇವಕರಿಗೆ ಕಾಲರಾ ಬ್ಯಾಕ್ಟೀರಿಯಾ ಕೊಟ್ಟು ನೋಡಿದವರಿಗೆ ಇದು ಚೆನ್ನಾಗಿ ಗೊತ್ತಾಗಿದೆ. ಬರೀ ನೀರಿನಲ್ಲಿ ಕೊಟ್ಟರೆ ಹತ್ತು ಕೋಟಿ, ಅದಕ್ಕೂ ಹೆಚ್ಚು ಬೇಕಾಗುತ್ತಿತ್ತು. ಜೊತೆಗೆ ಸೋಡಾ ಪುಡಿ ಕೊಟ್ಟು ಆಮ್ಲವನ್ನು ತಣ್ಣಗಾಗಿಸಿದರೆ ಹತ್ತು ಸಾವಿರದಿಂದ ಹತ್ತು ಲಕ್ಷದೊಳಗೇ ಕೆಲಸ ಮುಗಿಯುತ್ತಿತ್ತು. ನಮ್ಮ ಔಷಧಿ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಹೋಗುವ ಸರಕು ಯಾವುದೆಂದು ಕೇಳುವುದೇ ಬೇಡ.

‘ಅಣ್ಣಾ, ಗ್ಯಾಸ್ಟ್ರಿಕ್ ಮಾತ್ರೆ ಒಂದು ಶೀಟ್ ಕೊಡಿ.’

‘ಏನ್ ಸಾರ್, ಹೊಟ್ಟೆ ಉರೀತಿದೆಯಾ?’

‘ಇಲ್ಲಪ್ಪ, ಸಂಜೆ ರಿಸೆಪ್ಷನ್ ಇದೆ.’

ವೈದ್ಯರು ಅಗತ್ಯ ಕಂಡು ಕೊಟ್ಟ ಮಾತ್ರೆಯ ಮಾತು ಬೇರೆ. ಅದನ್ನು ಈ ಅಂಕಣ ಓದಿ ಯಾರೂ ಬಿಡಬಾರದು. ಆಮ್ಲ ತಗ್ಗಿಸುವ ಇಂಥ ಔಷಧಿಗಳನ್ನು ನುಂಗುವವರಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಸೋಂಕು ಹೆಚ್ಚೆಂದು ಅಧ್ಯಯನಗಳು ತೋರಿಸಿರುವುದು ಮಾತ್ರ ನಿಜ. ಹೋಳಿಗೆ, ತುಪ್ಪ, ಗೋಬಿ, ಐಸ್‌ಕ್ರೀಮು, ಕೊನೆಗೆ ಛತ್ರದ ಹೊರಗಿನ ಪಾನಿಪುರಿಯನ್ನೂ ಜೀರ್ಣಿಸಿಕೊಳ್ಳಲೆಂದು ಮುಂಗಡವಾಗಿ ಆಮ್ಲವನ್ನು ಇಳಿಸಿಕೊಂಡು ಹೋಗುವ ವೀರರಿಗೆ ಕೋಟಿಗಳ ಲೆಕ್ಕ ಸಾವಿರಗಳಿಗೆ ಬಂದು ನಿಂತಿರುತ್ತದೆ.

ಸೋಡಾ ಪುಡಿಯ ಮಾತು ಬಂದದ್ದರಿಂದ ಮ್ಯೂನಿಕ್ಕಿನ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ ಎಂಬ ಹಿರಿಯರನ್ನು ನೆನೆಯಲೇಬೇಕು. ಕಾಲರಾಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ರಾಬರ್ಟ್ ಕಾಖ್ ಸಾರುತ್ತಿದ್ದ ಕಾಲ. ಬ್ಯಾಕ್ಟೀರಿಯಾ ಒಂದರಿಂದಲೇ ಏನೂ ಆಗದು, ನೆಲ ಕೊಳೆತಿರಬೇಕು, ಮನುಷ್ಯನ ಮೈಯೂ ಅದಕ್ಕೆ ಒದಗಿರಬೇಕು ಎಂಬುದು ಪೆಟ್ಟೆನ್‌ಕೋಫರರ ಹಟ. 1892ರ ಅಕ್ಟೋಬರ್ 7ರಂದು, ತಮ್ಮ 73ನೆಯ ವಯಸ್ಸಿನಲ್ಲಿ, ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ಸಾರನ್ನು ಅವರು ಕುಡಿದೇಬಿಟ್ಟರು. ಹೊಟ್ಟೆಯ ಆಮ್ಲವೇ ಕ್ರಿಮಿಯನ್ನು ಕೊಂದಿತು ಎಂದು ಯಾರೂ ಕೊಂಕು ತೆಗೆಯಬಾರದೆಂದು ಜೊತೆಗೆ ಸೋಡಾ ಪುಡಿಯನ್ನೂ ಸೇರಿಸಿಕೊಂಡರು. ಕೆಲವು ದಿನ ಹೊಟ್ಟೆ ಕೆಟ್ಟಿತು, ಆಸಾಮಿ ಗಟ್ಟಿಯಾಗಿ ಎದ್ದು ಕೂತರು. ಹತ್ತು ದಿನಗಳ ನಂತರ ಅದನ್ನೇ ಕುಡಿದ ಅವರ ಶಿಷ್ಯ ಎಮ್ಮೆರಿಕ್‌ಗೆ ಮಾತ್ರ ಭೇದಿ ಚೆನ್ನಾಗಿಯೇ ಹಿಡಿದುಕೊಂಡಿತು; ಅವರೂ ಬದುಕಿಕೊಂಡರು. ಗುರುಗಳು ಗೆದ್ದೆನೆಂದು ಬೆನ್ನು ತಟ್ಟಿಕೊಂಡರು.

ನಮ್ಮಲ್ಲಿ ಜಗುಲಿಗೊಬ್ಬ ಪೆಟ್ಟೆನ್‌ಕೋಫರ್ ಇದ್ದಾರೆ. ‘ನಾವು ಕೆರೆ ನೀರು ಕುಡಿದೇ ಬೆಳೆದವರು ಕಣಯ್ಯಾ. ಈಗಿನ ಹುಡುಗರಿಗೆ ಫಿಲ್ಟರ್ ನೀರು ಕುಡಿಸಿ ಕುಡಿಸಿ ಮೈಯಲ್ಲಿ ಕಸುವೇ ಇಲ್ಲ’ ಎಂದು ಎಲೆ ಅಡಿಕೆ ಉಗಿಯುತ್ತಾರೆ. ಅವರ ಜೊತೆ ಅದೇ ಕೆರೆ ನೀರು ಕುಡಿದ ತಮ್ಮ ಎರಡು ವರ್ಷಕ್ಕೆ ಹೋದ, ತಂಗಿ ಆರು ತಿಂಗಳಿಗೆ ಹೋದಳು. ಜಗುಲಿಯ ಮೇಲೆ ಕೂತು ಮಾತಾಡಲು ಅವರು ಉಳಿದಿಲ್ಲವಾದ್ದರಿಂದ ಕೆರೆ ನೀರಿನ ಪರವಾಗಿ ಬಿದ್ದ ಮತ ಸರ್ವಾನುಮತ. ಅಮೆರಿಕದಿಂದ ಬಂದ ಮೊಮ್ಮಗ ಎರಡನೆಯ ದಿನವೇ ಹೊಟ್ಟೆ ಹಿಡಿದುಕೊಂಡು ಮಲಗಿದರೆ ಮನೆಮಂದಿಗೆಲ್ಲ ಒಳಗೊಳಗೇ ಹೆಮ್ಮೆ. ನಮ್ಮ ದೇಶದ ಕ್ರಿಮಿಗಳನ್ನು ತಡೆದುಕೊಳ್ಳುವುದು ಎಲ್ಲರಿಂದಾಗುವ ಕೆಲಸವೇ?

ಪೆಟ್ಟೆನ್‌ಕೋಫರ್ ಗುಟುಕರಿಸಿದ ವರ್ಷವೇ ಹ್ಯಾಂಬರ್ಗ್ ನಗರದಲ್ಲಿ ಕಾಲರಾದಿಂದ ಸುಮಾರು 8,600 ಮಂದಿ ಸತ್ತಿದ್ದರು. ಎಲ್ಬ್ ನದಿಯ ನೀರನ್ನು ಹ್ಯಾಂಬರ್ಗ್ ಸೋಸದೆ ಕುಡಿಯುತ್ತಿತ್ತು. ಸೋಸುವ ಘಟಕ ಕಟ್ಟಬೇಕೆಂಬ ಮಾತು ವರ್ಷಗಟ್ಟಲೆ ನಡೆದಿತ್ತು; ಖರ್ಚು ಯಾರು ಕೊಡಬೇಕೆಂಬ ಜಗಳದಲ್ಲಿ ತಡವಾಗಿ, ಘಟಕ ಸಿದ್ಧವಾದದ್ದು 1893ರಲ್ಲಿ, ಹೆಣಗಳನ್ನು ಎಣಿಸಿ ಮುಗಿದ ಮೇಲೆ. ಪಕ್ಕಕ್ಕೆ ಅಂಟಿಕೊಂಡಿದ್ದ ಆಲ್ಟೊನಾ ಪಟ್ಟಣ ನದಿಯ ಕೆಳಹರಿವಿನಲ್ಲಿತ್ತು. ಹ್ಯಾಂಬರ್ಗಿನ ಕೊಳಚೆಯೆಲ್ಲ ಸೇರಿದ ನೀರೇ ಅದರ ಪಾಲಿಗೆ. ಆದರೆ ಅದು ಮರಳಿನಲ್ಲಿ ಸೋಸಿ ಕುಡಿಯುತ್ತಿತ್ತು. ಎರಡು ಊರುಗಳ ಗಡಿಯ ಬೀದಿಯಲ್ಲಿ ಒಂದು ಬದಿಯ ಮನೆಗಳಿಗೆ ಕಾಲರಾ ಬಂತು, ಎದುರು ಬದಿಯ ಮನೆಗಳಿಗೆ ಬರಲಿಲ್ಲ. ಅದೇ ನೆಲ, ಅದೇ ಗಾಳಿ, ಅದೇ ಜನ. ಪೈಪು ಬೇರೆ.

ಪೆಟ್ಟೆನ್‌ಕೋಫರರ ಸಿದ್ಧಾಂತ ಬಿದ್ದುಹೋಯಿತು. ಆದರೆ ಕೊಳೆತ ನೆಲವೇ ರೋಗದ ಮೂಲ ಎಂದು ನಂಬಿದ್ದ ಆ ಮನುಷ್ಯ, ನೆಲ ಕೊಳೆಯದಿರಲಿ ಎಂದು ಮ್ಯೂನಿಕ್ಕಿನ ಆಡಳಿತದ ಬೆನ್ನುಹತ್ತಿ ಒಳಚರಂಡಿಗೆ ಒತ್ತಾಯಿಸಿದ, ಬೆಟ್ಟದ ಕಡೆಯ ಶುದ್ಧ ನೀರಿಗಾಗಿ ವಾದಿಸಿದ. 1883ರಲ್ಲಿ ಮ್ಯಾಂಗ್‌ಫಾಲ್ ಕಣಿವೆಯ ನೀರು ಊರಿಗೆ ಬಂತು. ಟೈಫಾಯ್ಡಿಗೆ ಹೆಸರಾಗಿದ್ದ ಊರಿನಲ್ಲಿ ಟೈಫಾಯ್ಡ್ ಇಳಿಯಿತು. ತಪ್ಪು ಸಿದ್ಧಾಂತ ಇಟ್ಟುಕೊಂಡು ಸರಿಯಾದ ಚರಂಡಿ ಕಟ್ಟಿಸಿದ ಪುಣ್ಯಾತ್ಮ ಅವರು. ನಮ್ಮಲ್ಲಿ ಸಿದ್ಧಾಂತಕ್ಕೇನೂ ಕೊರತೆಯಿಲ್ಲ. ಏಳನೆಯ ತರಗತಿಯ ಮಗುವೂ ರೋಗಾಣುಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸುತ್ತದೆ. ಆ ಶಾಲೆಯ ಶೌಚಾಲಯಕ್ಕೆ ಮಾತ್ರ ಬೀಗ.

ಅಂದಹಾಗೆ ಕ್ರಿಮಿಗಳಿಗಿಂತ ಸೂಕ್ಷ್ಮವಾದ ಇನ್ನೊಂದು ಪದಾರ್ಥವನ್ನು ಪತ್ತೆಹಚ್ಚುವುದರಲ್ಲಿ ನಾವು ಜಗತ್ತಿಗೇ ಮುಂದು. ಅದು ಮೈಲಿಗೆ. ಅದಕ್ಕೆ ಸೂಕ್ಷ್ಮದರ್ಶಕ ಬೇಡ, ಹೆಸರು ಊರು ಕೇಳಿದರೆ ಸಾಕು. ಒಬ್ಬರಿಗೆ ಗಾಜಿನ ಲೋಟ, ಇನ್ನೊಬ್ಬರಿಗೆ ಹೊರಗೆ ಬೇರೆ ಲೋಟ ಇಟ್ಟ ಹಳ್ಳಿ ಹೋಟೆಲುಗಳನ್ನು ಈ ನಾಡು ಕಂಡಿದೆ, ಕಾನೂನು ಬಂದಮೇಲೂ ಕಂಡಿದೆ. ಎರಡು ಲೋಟಕ್ಕೂ ನೀರು ಒಂದೇ ತೊಟ್ಟಿಯದು. ಮದುವೆಗೆ ಅಡುಗೆಯವರನ್ನು ಗೊತ್ತು ಮಾಡುವಾಗ ಹಿರಿಯರು ಕೇಳುವ ಪ್ರಶ್ನೆ ‘ಅವರು ನಮ್ಮವರೇ ತಾನೇ?’ ಎಂಬುದೊಂದೇ. ನಮ್ಮವರು ಹೊರಗೆ ಹೋಗಿ ಬಂದ ಮೇಲೆ ಸಾಬೂನು ಮುಟ್ಟಿದರೇ ಎಂದು ಕೇಳಿದರೆ ಅದು ಅವಮರ್ಯಾದೆ.

ನ್ಯೂಯಾರ್ಕಿನ ಸಿರಿವಂತರೂ ಹೀಗೆಯೇ ನಂಬಿ ಕೆಟ್ಟರು. ಮೇರಿ ಮ್ಯಾಲನ್ ಎಂಬ ಐರಿಷ್ ಅಡುಗೆಯವಳು ನೋಡಲು ಕಲ್ಲುಗುಂಡು. ಅವಳ ಕೈಯ ಪೀಚ್ ಹಣ್ಣಿನ ಐಸ್‌ಕ್ರೀಮಿಗೆ ಹೆಸರಿತ್ತು. ಅವಳು ಕೆಲಸಕ್ಕಿದ್ದ ಬಹುಪಾಲು ಮನೆಗಳಲ್ಲಿ ಟೈಫಾಯ್ಡ್, ಅವಳಿಗೆ ಮಾತ್ರ ಏನೂ ಇಲ್ಲ. 1907ರಲ್ಲಿ ಅವಳನ್ನು ಹಿಡಿದು ಪರೀಕ್ಷಿಸಿದಾಗ ಮಲದಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಸಿಕ್ಕಿತು. ಮುಂದೆಂದೂ ಅಡುಗೆ ಮಾಡುವುದಿಲ್ಲವೆಂಬ ಷರತ್ತಿನ ಮೇಲೆ ಬಿಟ್ಟರೆ, 1915ರಲ್ಲಿ ಬೇರೆ ಹೆಸರಿನಲ್ಲಿ ಹೆರಿಗೆ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಸಿಕ್ಕಿಬಿದ್ದಳು. ಅಲ್ಲಿ 25 ಮಂದಿಗೆ ಟೈಫಾಯ್ಡ್ ಬಂದಿತ್ತು. ಆಮೇಲೆ ಅವಳ ಉಳಿದ ಆಯಸ್ಸೆಲ್ಲ ದ್ವೀಪವೊಂದರ ಆಸ್ಪತ್ರೆಯಲ್ಲಿ ಸೆರೆವಾಸವಾಗಿ ಕಳೆಯಿತು. ಬಡ ಅಡುಗೆಯವಳಿಗೆ ಸಮಾಜ ಕೊಟ್ಟ ಈ ಶಿಕ್ಷೆ ಕ್ರೂರವೇ ಸರಿ. ಆದರೆ ಬ್ಯಾಕ್ಟೀರಿಯಾ ಮಾತ್ರ ಯಾರ ಮನೆತನವನ್ನೂ ವಿಚಾರಿಸಿರಲಿಲ್ಲ.

ಇಷ್ಟೆಲ್ಲ ಲೆಕ್ಕದ ನಡುವೆ ಒಂದು ಅಂಕಿಯನ್ನು ಸರ್ಕಾರವೇ ಬರೆದಿಟ್ಟಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ಎಂಬ ಮಾನದಂಡವಿದೆ. ಅದರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಇ. ಕೊಲೈ ಕಾಣಲೇಬಾರದು. ಸಾವಿರವಲ್ಲ, ಹದಿನೆಂಟಲ್ಲ, ಸೊನ್ನೆ. ಇಷ್ಟು ಸ್ಪಷ್ಟವಾಗಿ ಬರೆದಿರುವುದರಿಂದಲೇ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುತ್ತಿಲ್ಲ. ಶುದ್ಧೀಕರಣ ಘಟಕದಿಂದ ಹೊರಡುವಾಗ ನೀರು ಚೊಕ್ಕವೇ ಇರಬಹುದು. ದಾರಿಯಲ್ಲಿ ಅದು ಚರಂಡಿಯ ಪಕ್ಕದಲ್ಲಿ, ಕೆಲವೆಡೆ ಚರಂಡಿಯೊಳಗೇ ಹಾದುಬರುತ್ತದೆ. ದಿನವಿಡೀ ನೀರಿದ್ದರೆ ಒಳಗಿನ ಒತ್ತಡ ಹೊರಗಿನ ಕೊಳಚೆಯನ್ನು ದೂರ ಇಡುತ್ತದೆ. ನಮ್ಮಲ್ಲಿ ನೀರು ಬರುವುದು ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಪಂಪು ನಿಂತ ಕೂಡಲೇ ಪೈಪಿನೊಳಗಿನ ಒತ್ತಡ ಕುಸಿಯುತ್ತದೆ; ಬಿರುಕಿನ ಮೂಲಕ ಹೊರಗಿನದು ಒಳಕ್ಕೆ ಬರುತ್ತದೆ. ಮುಂದಿನ ಸರದಿಯಲ್ಲಿ ಮೊದಲ ಕೊಡ ಹಿಡಿಯುವ ಹೆಂಗಸಿಗೆ ಸಿಗುವುದು ಅದೇ. ಅವಳು ಮೂಗು ಹಿಡಿದು ಎರಡು ಬಿಂದಿಗೆ ಚೆಲ್ಲಿ ಮೂರನೆಯದನ್ನು ತುಂಬಿಕೊಳ್ಳುತ್ತಾಳೆ. ಊರಿನ ನೀರಿನ ಗುಣಮಟ್ಟದ ಪರೀಕ್ಷೆ ನಿಜವಾಗಿ ನಡೆಯುವುದು ಅವಳ ಮೂಗಿನಲ್ಲಿ. ಸಂಬಳವಿಲ್ಲ, ಬಡ್ತಿಯಿಲ್ಲ.

ಈಗ ‘ಆರೋಗ್ಯವಂತ’ ಎಂಬ ಆಸಾಮಿಯನ್ನು ಹುಡುಕೋಣ. ಈ ಅಂಕಿಗಳಲ್ಲಿ ಬಹುಪಾಲು ಹುಟ್ಟಿದ್ದು ಅವನ ಮೇಲೆ. ವಯಸ್ಕ, ಹೊಟ್ಟೆತುಂಬ ಉಂಡವನು, ಹಲವು ಬಾರಿ ಪರೀಕ್ಷಿಸಿ ಆರಿಸಿದವನು, ಕಾಯಿಲೆ ಬಿದ್ದರೆ ಪಕ್ಕದಲ್ಲೇ ವೈದ್ಯರು ಔಷಧಿ ಹಿಡಿದು ನಿಂತಿರುವವನು. ಜೈಲುಗಳ ಪ್ರಯೋಗಗಳ ಬಗ್ಗೆ ಆಕ್ಷೇಪ ಎದ್ದು 1970ರ ದಶಕದಲ್ಲಿ ಅವು ಮುಚ್ಚುತ್ತಾ ಬಂದವು. ಬಂಧನದಲ್ಲಿರುವವನ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಗೆ ಯಾರಲ್ಲೂ ನೆಟ್ಟಗಿನ ಉತ್ತರವಿರಲಿಲ್ಲ. ಈಗ ನಿಯಮ ಬಿಗಿ. 2021ರಲ್ಲಿ ಲಂಡನ್ನಿನಲ್ಲಿ 36 ಮಂದಿ ಆರೋಗ್ಯವಂತ ತರುಣ ತರುಣಿಯರ ಮೂಗಿಗೆ ಕೊರೊನಾ ವೈರಸ್ಸಿನ ಅತಿ ಸಣ್ಣ ಪ್ರಮಾಣದ ಹನಿ ಬಿಟ್ಟಾಗ ಅರ್ಧದಷ್ಟು ಜನರಿಗೆ ಸೋಂಕು ತಗುಲಿತು. ಅವರಿಗೆ ಮೊದಲೇ ಎಲ್ಲ ವಿವರಿಸಿ, ರುಜು ಪಡೆದು, ಆಸ್ಪತ್ರೆಯಲ್ಲಿಟ್ಟು, ಹಣ ಕೊಟ್ಟು, ಆಮೇಲೂ ತಿಂಗಳುಗಟ್ಟಲೆ ವಿಚಾರಿಸಿಕೊಂಡರು. ಬೇಸಿಗೆ ಬಂತೆಂದರೆ ನಮ್ಮ ಊರುಗಳಲ್ಲೂ ಇಂಥದ್ದೇ ಪ್ರಯೋಗ ಸಾವಿರಾರು ಮಂದಿಯ ಮೇಲೆ ನಡೆಯುತ್ತದೆ. ರುಜು ಬೇಕಿಲ್ಲ, ವಿವರಣೆ ಬೇಕಿಲ್ಲ, ನೀರಿನ ಕಂದಾಯವನ್ನು ಪ್ರಯೋಗಕ್ಕೆ ಒಳಗಾದವರೇ ಕಟ್ಟುತ್ತಾರೆ. ಇದರಲ್ಲಿ ಎರಡು ವರ್ಷದ ಬಡಕಲು ಮಗುವಿದೆ, ಬಸುರಿಯಿದ್ದಾಳೆ, ಸಕ್ಕರೆ ಕಾಯಿಲೆಯ ಅಜ್ಜಿಯಿದ್ದಾಳೆ. ಪುಸ್ತಕದ ಅಂಕಿ ಇವರನ್ನು ಕಂಡದ್ದೇ ಇಲ್ಲ. ಇವರಿಗೆ ಸಾಕಾಗುವ ಪ್ರಮಾಣ ಅದಕ್ಕಿಂತ ಎಷ್ಟು ಕೆಳಗೋ, ಅವರವರ ಮೈಗೆ ಬಿಟ್ಟದ್ದು.

ರೋಗಾಣುಗಳ ಲೆಕ್ಕವನ್ನು ಇಲ್ಲಿಗೆ ಮುಗಿಸಬಹುದು. ಪ್ರಯೋಗಾಲಯಗಳು ಇನ್ನೂ ಕೈಹಾಕದ ಲೆಕ್ಕವೊಂದಿದೆ: ಗಟ್ಟಿಮುಟ್ಟಾದ ಸರ್ಕಾರಿ ಕಚೇರಿಯೊಂದನ್ನು ಅಲುಗಾಡಿಸಲು ಎಷ್ಟು ರೋಗಿಗಳು ಬೇಕು? ಇದರಲ್ಲಿ ಪ್ರಯೋಗ ಬೇಕಾದಷ್ಟು ನಡೆದಿರುವುದರಿಂದ ಫಲಿತಾಂಶವನ್ನು ಯಾರು ಬೇಕಾದರೂ ಬರೆಯಬಹುದು. ಹತ್ತು ಮಂದಿ ವಾಂತಿ ಮಾಡಿಕೊಂಡರೆ ಕಚೇರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ‘ಜಾತ್ರೆಯಲ್ಲಿ ಏನೋ ತಿಂದಿರಬೇಕು’ ಎನ್ನುತ್ತದೆ. ನಲವತ್ತು ಮಂದಿ ಆಸ್ಪತ್ರೆ ಸೇರಿದರೆ ನೀರಿನ ಮಾದರಿ ತೆಗೆಯುತ್ತಾರೆ. ಅದೂ ಒಂದು ಮೂಟೆ ಬ್ಲೀಚಿಂಗ್ ಪೌಡರ್ ಸುರಿದ ಮಾರನೆಯ ದಿನ. ವರದಿಯಲ್ಲಿ ದೋಷ ಕಾಣುವುದಿಲ್ಲ. ನೂರು ದಾಟಿದರೆ ಟಿವಿ ಕ್ಯಾಮೆರಾ, ಅದರ ಹಿಂದೆಯೇ ಅಧಿಕಾರಿ, ಕೈಯಲ್ಲಿ ಬಾಟ್ಲಿ ನೀರು. ಒಂದು ಸಾವಾದರೆ ‘ಅವರಿಗೆ ಮೊದಲೇ ಬೇರೆ ಕಾಯಿಲೆ ಇತ್ತು’ ಎಂಬ ಸ್ಪಷ್ಟನೆ. ಮೂರಾದರೆ ಪರಿಹಾರದ ಚೆಕ್ಕು, ನೀರುಗಂಟಿಯ ಅಮಾನತು, ತನಿಖೆಗೆ ಆದೇಶ. ಚುನಾವಣೆಯ ವರ್ಷದಲ್ಲಿ ಇವೆಲ್ಲ ಅರ್ಧದಷ್ಟು ಪ್ರಮಾಣಕ್ಕೇ ಸಿಗುತ್ತವೆ.

ಚರಂಡಿಯಲ್ಲಿ ಬಿದ್ದಿರುವ ಪೈಪನ್ನು ಎತ್ತಿ ಬೇರೆ ಕಡೆ ಹಾಕಲು ಎಷ್ಟು ಮಂದಿ ಬೇಕು ಎಂಬುದಷ್ಟೇ ಇನ್ನೂ ಬಾಕಿ. ಅಂದಾಜು ಪಟ್ಟಿ ತಯಾರಾಗಿದೆಯಂತೆ, ಅನುದಾನ ಬರಬೇಕಂತೆ. ಅಲ್ಲಿಯವರೆಗೆ ಸಾರ್ವಜನಿಕರು ನೀರನ್ನು ಕುದಿಸಿ ಆರಿಸಿ ಕುಡಿಯಬೇಕೆಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರುತ್ತಿದ್ದಾರೆ. ಸಲಹೆ ಸರಿಯಾಗಿಯೇ ಇದೆ. ಗ್ಯಾಸಿನ ದುಡ್ಡು ನಿಮ್ಮದು.